ಸಣ್ಣವರ ಬಂಡೆಗೆ ನೆಂಟರನ್ನು ಕರೆಯೋಣ

(ವಿದ್ಯಾರ್ಥಿನಿಲಯಗಳ ಗೆಳೆಯರು ಏರ್ಪಡಿಸಿದ್ದ ಒಂದು ದಿನದ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು. ಬರೆದುಕೊಡಿ ಎಂದು ಕೇಳಿದ್ದರಿಂದ ಬರೆದುಕೊಟ್ಟಿದ್ದೇವೆ.)



ಹಾಸ್ಟೆಲಿಗೆ ಬಂದ ಹೊಸದರಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಕೇಳುವ ಮಾತೊಂದಿದೆ. 'ನಿಮ್ಮೂರು ಯಾವುದು? ನಿಮ್ಮೂರಾಗ ನೋಡಾಕ ಏನೈತಿ?' ಬಾದಾಮಿ ಕಡೆಯವನು ಮೇಣಬಸದಿ ಅಂತಾನೆ. ವಿಜಯಪುರದವನು ಗೋಳಗುಮ್ಮಟ ಅಂತಾನೆ. ಮೈಸೂರಿನವನು ಬಾಯಿ ತೆರೆಯುವುದೇ ಬೇಕಾಗಿಲ್ಲ, ಅರಮನೆ ಅವನ ಪರವಾಗಿ ಮಾತಾಡುತ್ತದೆ. ನಾವು ಓದುವಾಗ ನಮ್ಮ ಕೋಣೆಯಲ್ಲಿ ಮಸ್ಕಿ ಕಡೆಯ ಗೆಳೆಯನೊಬ್ಬನಿದ್ದ. ಅವನನ್ನು ಕೇಳಿದರೆ ತಲೆ ತಗ್ಗಿಸಿ, 'ಏನಿಲ್ಲ ಬಿಡ್ರಪ, ಗುಡ್ಡ ಅದಾವು, ಬಿಸಿಲು ಐತಿ' ಅಂದ. ನಾವೂ ನಕ್ಕು ಸುಮ್ಮನಾದೆವು.

ಅದೇ ವರ್ಷ ಇತಿಹಾಸದ ಪರೀಕ್ಷೆಗೆ ಒಂದು ಅಂಕದ ಪ್ರಶ್ನೆ ಬಾಯಿಪಾಠ ಮಾಡುತ್ತಿದ್ದೆವು. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಶಾಸನ ಯಾವುದು? ಮಸ್ಕಿ ಶಾಸನ. ಅವನೂ ಬಾಯಿಪಾಠ ಮಾಡಿದ, ಅಂಕವನ್ನೂ ತಗೊಂಡ. ಆದರೆ ಪುಸ್ತಕದ ಮಸ್ಕಿಯೂ ತನ್ನ ಅವ್ವ ಕೂಲಿಗೆ ಹೋಗುವ ಮಸ್ಕಿಯೂ ಒಂದೇ ಅಂತ ಅವನಿಗೆ ಅನ್ನಿಸಿರಲಿಲ್ಲ. ನಮಗೂ ಅನ್ನಿಸಿರಲಿಲ್ಲ. ಯಾಕೆ ಅನ್ನಿಸಲಿಲ್ಲ ಅನ್ನುವುದೇ ಇವತ್ತಿನ ಮಾತು.

ಇನ್ನೊಂದು ಪ್ರಸಂಗ ಹೇಳಿ ಮುಂದೆ ಹೋಗುತ್ತೇವೆ. ಈಚೆಗೆ ಒಂದು ಊರಲ್ಲಿ ಸಭೆ ನಡೆಯಿತು. ಸಣ್ಣ ಊರುಗಳಿಗೆ ಪ್ರವಾಸಿಗರನ್ನು ಹೇಗೆ ಕರೆತರಬೇಕು ಎಂಬುದು ವಿಷಯ. ಊರ ಹೆಸರು, ಸಭೆ ಕರೆದವರ ಹೆಸರು ಬೇಡ. ನಮ್ಮನ್ನು ಹಲಗೆ ಬಡಿದು ಸ್ವಾಗತದ ಹಾಡು ಹೇಳಲು ಕರೆದಿದ್ದರು. ಹಾಡಿದೆವು. ದೀಪ ಹಚ್ಚಿದರು, ಶಾಲು ಹೊದಿಸಿದರು. ಚರ್ಚೆ ಶುರುವಾಗುವ ಹೊತ್ತಿಗೆ ಒಬ್ಬರು ಬಂದು, 'ತಮ್ಮಾ, ನಿಮ್ದು ಆತಲ್ಲ, ಹಿಂದ ಊಟಕ್ಕ ಮಾಡ್ಯಾರ, ಉಂಡು ಹೋಗ್ರಿ' ಅಂದರು. ಗೋಡೆಯಾಚೆ ಕೂತು ಉಣ್ಣುತ್ತಾ ಒಳಗಿನ ಮಾತು ಕೇಳಿಸಿಕೊಂಡೆವು. ಹೋಟೆಲು ಬೇಕು, ಗಾಡಿ ನಿಲ್ಲಿಸಲು ಜಾಗ ಬೇಕು, ಫೋಟೋ ತೆಗೆಸಿಕೊಳ್ಳಲು ಕಟ್ಟೆ ಬೇಕು, ಬಣ್ಣದ ದೀಪ ಬೇಕು. ಆಮೇಲೆ ಒಬ್ಬರು ಎದ್ದು, 'ಊರು ಹೊಗುವಾಗಲೇ ಆ ಕೇರಿ ಕಣ್ಣಿಗೆ ಬೀಳತೈತಿ, ಅಲ್ಲೊಂದು ತಗಡಿನ ಬೇಲಿ ಹಾಕಿಸಿದ್ರ ಚಲೋ' ಅಂದರು. ಯಾರೂ ಬೇಡ ಅನ್ನಲಿಲ್ಲ. ಸ್ವಾಗತ ಹಾಡಿದವರ ಮನೆಗೇ ಬೇಲಿ!

ಅಲ್ಲಿ ಆಡಬೇಕಿದ್ದ ಮಾತನ್ನು ಇಲ್ಲಿ ನಿಮ್ಮ ಮುಂದೆ ಆಡುತ್ತಿದ್ದೇವೆ. ಮಸ್ಕಿಯನ್ನೇ ಇಟ್ಟುಕೊಂಡು ಆಡುತ್ತೇವೆ.

ಮಸ್ಕಿ ಇರುವುದು ರಾಯಚೂರು ಜಿಲ್ಲೆಯಲ್ಲಿ. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ರಸ್ತೆಯ ಮೇಲೆ. ರಾಯಚೂರಿನಿಂದ ಸುಮಾರು 80 ಕಿಲೋಮೀಟರು. 2024ರಲ್ಲಿ ಸಿಂಧನೂರಿಗೆ ರೈಲೂ ಬಂತು. ಹೋಗುವುದು ಕಷ್ಟವೇನಲ್ಲ, ಹೋಗಬೇಕು ಅನ್ನಿಸಬೇಕು ಅಷ್ಟೇ. 2008ರಿಂದ ವಿಧಾನಸಭಾ ಕ್ಷೇತ್ರ, ಈಗ ತಾಲ್ಲೂಕು. ಊರ ಮಗ್ಗುಲಲ್ಲಿ ಗುಡ್ಡ, ಗುಡ್ಡದ ಮೇಲೆ ಮಲ್ಲಯ್ಯನ ಗುಡಿ, ವರ್ಷಕ್ಕೊಮ್ಮೆ ಜಾತ್ರೆ. ಹತ್ತಿರದಲ್ಲೇ ಮುದಗಲ್ಲಿನ ಕೋಟೆ, ಹಟ್ಟಿಯ ಚಿನ್ನದ ಗಣಿ. ಈ ನೆಲ ಚಿನ್ನವಿರುವ ನೆಲ. ಚಿನ್ನ ಅಗೆಯುವವರ ಕಿವಿಯಲ್ಲಿ ಚಿನ್ನ ಇರುವುದಿಲ್ಲ, ಅದು ಬೇರೆ ಮಾತು.

1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನ ಹುಡುಕುತ್ತಾ ಇಲ್ಲಿಗೆ ಬಂದ. ದುರ್ಗದ ಗುಡ್ಡದ ಬಂಡೆಗಳ ನಡುವೆ, ಗುಹೆಯಂಥ ಸಂದಿಯಲ್ಲಿ, ಅವನ ಕಣ್ಣಿಗೆ ಅಕ್ಷರ ಬಿತ್ತು. ಎಂಟು ಸಾಲು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಆಗ ಇದು ಹೈದರಾಬಾದ್ ನಿಜಾಮನ ಸೀಮೆ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿದರು. ನಿಜಾಮ ಸರ್ಕಾರದ ಪುರಾತತ್ವ ಇಲಾಖೆ ಅದೇ ವರ್ಷ ಪ್ರಕಟಿಸಿತು.

ಅದರಲ್ಲಿ ಏನು ದೊಡ್ಡದು ಅಂತ ಕೇಳಬೇಡಿ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗುಟ್ಟು ಬಿಡಿಸಿದ. ದೇಶದ ತುಂಬ ಬಂಡೆಗಳ ಮೇಲೆ, ಕಂಬಗಳ ಮೇಲೆ ಒಬ್ಬ ರಾಜನ ಮಾತು ಸಿಕ್ಕುತ್ತಿತ್ತು. ಆ ರಾಜ ತನ್ನನ್ನು ದೇವಾನಂಪಿಯ ಎಂದು ಕರೆದುಕೊಳ್ಳುತ್ತಿದ್ದ, ಪಿಯದಸಿ ಎನ್ನುತ್ತಿದ್ದ. ಅವನೇ ಅಶೋಕ ಎಂದು ಸಿಂಹಳದ ಗ್ರಂಥಗಳ ಸಹಾಯದಿಂದ ವಿದ್ವಾಂಸರು ಹೇಳಿದ್ದರು. ಬಂಡೆ ಮಾತ್ರ ಅದನ್ನು ತನ್ನ ಬಾಯಿಂದ ಹೇಳಿರಲಿಲ್ಲ. ಮಸ್ಕಿಯ ಬಂಡೆ ಹೇಳಿತು. 'ಅಸೋಕಸ' ಎಂದು ಕೊರೆದ ಅಕ್ಷರ ಮೊದಲು ಸಿಕ್ಕಿದ್ದು ಅಲ್ಲಿ. ಆ ಹೆಸರಿರುವ ಬೇರೆ ಬಂಡೆಗಳು ಸಿಕ್ಕಿದ್ದು ಆಮೇಲೆ. ನಮ್ಮ ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೊಳಗಳವು ಬೆಳಕಿಗೆ ಬಂದದ್ದು 1970ರ ದಶಕದ ಕೊನೆಗೆ. 1947ರ ಜುಲೈ 22ರಂದು ನಮ್ಮ ಬಾವುಟಕ್ಕೆ ಬಂದ ಚಕ್ರ ಅಶೋಕನದು. 1950ರ ಜನವರಿ 26ರಂದು ರಾಷ್ಟ್ರಲಾಂಛನವಾಗಿ ನಿಂತ ಸಿಂಹಗಳು ಸಾರನಾಥದ ಅವನ ಕಂಬದವು. ಅಂಥವನ ಹೆಸರನ್ನು ಹೇಳಿಕೊಟ್ಟ ಊರಿನ ಹುಡುಗ ನಮ್ಮ ಹಾಸ್ಟೆಲಿನಲ್ಲಿ ತಲೆ ತಗ್ಗಿಸಿ 'ಏನಿಲ್ಲ ಬಿಡ್ರಪ' ಅಂದಿದ್ದ.

ಓದು ಮುಗಿದ ಮೇಲೆ ನಾವು ನಾಲ್ವರು ಗೆಳೆಯರು ಬೇಸಿಗೆಯಲ್ಲಿ ಮಸ್ಕಿಗೆ ಹೋದೆವು. ಗುಡ್ಡದ ಬುಡದಲ್ಲಿ ಆಡು ಮೇಯಿಸುತ್ತಿದ್ದ ಮುದುಕಿಯನ್ನು ಕೇಳಿದೆವು. 'ಬರಹದ ಕಲ್ಲೇನು? ಬರ್ರಿ' ಅಂತ ಮುಂದೆ ನಡೆದಳು. ಬಿಸಿಲಲ್ಲಿ ಬಂಡೆ ಕಾದ ಹಂಚಾಗಿತ್ತು, ಸಂದಿಯೊಳಗೆ ಮಾತ್ರ ತಂಪು. ಅಕ್ಷರ ನೋಡಿದೆವು. ಕೆಲವು ಸವೆದಿವೆ, ಕೆಲವು ನೆಟ್ಟಗಿವೆ. ಮುದುಕಿ ನೆರಳಿಗೆ ಕೂತು ಕೇಳಿದಳು: 'ಅದರಾಗ ಏನ್ ಬರದೈತಿ ತಮ್ಮಾ? ನಾ ಸಣ್ಣಾಕಿ ಇದ್ದಾಗಿಂದ ನೋಡಾಕತ್ತೀನಿ. ಕಾರಿನ್ಯಾಗ ಬಂದವರು ಫೋಟೋ ಹೊಡಕೊಂಡು ಹೋಗ್ತಾರ. ಯಾರೂ ನನಗ ಓದಿ ಹೇಳಿಲ್ಲ.'

ನಮ್ಮ ಬಳಿ ಕಾಗದದಲ್ಲಿ ಬರೆದುಕೊಂಡ ಅರ್ಥ ಇತ್ತು. ನಮಗೆ ತಿಳಿದ ಮಾತಿನಲ್ಲಿ ಹೇಳಿದೆವು. ಅಶೋಕ ಹೇಳುತ್ತಾನೆ, ನಾನು ಬುದ್ಧನ ಕಡೆಯವನಾಗಿ ಎರಡೂವರೆ ವರ್ಷದ ಮೇಲಾಯಿತು. ಮೊದಲು ಜನರೊಡನೆ ಬೆರೆಯದಿದ್ದ ದೇವರುಗಳು ಈಗ ಬೆರೆತಿದ್ದಾರೆ. ಧರ್ಮದಲ್ಲಿ ನಡೆದರೆ ಸಣ್ಣವನಿಗೂ ಇದು ಸಿಗುತ್ತದೆ. ದೊಡ್ಡವರಿಗೆ ಮಾತ್ರ ಸಿಗುತ್ತದೆ ಎಂದು ತಿಳಿಯಬಾರದು. ಸಣ್ಣವರಿಗೂ ಹೇಳಿ, ದೊಡ್ಡವರಿಗೂ ಹೇಳಿ. ಹೀಗೆ ನಡೆದರೆ ಒಳ್ಳೆಯದು ಬಹುಕಾಲ ಇರುತ್ತದೆ, ಬೆಳೆದು ಒಂದೂವರೆ ಪಟ್ಟಾಗುತ್ತದೆ.

ಮುದುಕಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಸಣ್ಣೋರಿಗೂ ಸಿಗತೈತಿ ಅಂತ ಬರದೈತೇನು? ಮತ್ತ ಇಷ್ಟು ದಿನ ನಮಗ ಯಾಕ ಯಾರೂ ಹೇಳ್ಲಿಲ್ಲ?' ಅಂದಳು.

ಗೆಳೆಯರೆ, ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಸಣ್ಣವರಿಗೂ ಹೇಳಿ ಅಂತ ಬಂಡೆಯ ಮೇಲೆಯೇ ಬರೆದಿದೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮೇಲೆ ಅದು ಅಲ್ಲೇ ಇದೆ. ಓದಲು ಬಂದವರು ಓದಿದರು, ಬರೆದರು, ಪದವಿ ಪಡೆದರು. ಬಂಡೆಯ ಪಕ್ಕದಲ್ಲೇ ಆಡು ಮೇಯಿಸುವವಳಿಗೆ ಹೇಳಿದವರಿಲ್ಲ. ಅಕ್ಷರವನ್ನು ನಮ್ಮಿಂದ ದೂರ ಇಟ್ಟದ್ದು ಹೀಗೆಯೇ. ಗುರುಕುಲದ ಬಾಗಿಲು ಮುಚ್ಚಿದ್ದು ಒಂದು ಬಗೆ, ಕಣ್ಣ ಮುಂದಿನ ಅಕ್ಷರದ ಅರ್ಥ ಹೇಳದೆ ಇದ್ದದ್ದು ಇನ್ನೊಂದು ಬಗೆ.

'ಬೆರೆತರು' ಅನ್ನುವ ಮಾತನ್ನೂ ಗಮನಿಸಿ. ನಮ್ಮ ಊರುಗಳಲ್ಲಿ ಬೆರಕೆ ಅಂದರೆ ಬೈಗುಳ. ಇಲ್ಲಿ ಬೆರೆಯುವುದೇ ಶುಭವಾರ್ತೆ. ದೇವರು ಜನರೊಡನೆ ಬೆರೆತರೆ ಒಳ್ಳೆಯದಾಗುತ್ತದೆ ಎಂದು ಬಂಡೆ ಹೇಳುತ್ತದೆ. ಜನರು ಜನರೊಡನೆ ಬೆರೆತರೆ ಮೈಲಿಗೆ ಎಂದು ಊರು ಹೇಳುತ್ತದೆ.

ಹಾಗಂತ ಅಶೋಕನನ್ನು ಹೊತ್ತು ಮೆರೆಸಲು ನಾವು ಬಂದಿಲ್ಲ. ಅಶೋಕನೂ ರಾಜನೇ. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆ ಒಯ್ದರು ಎಂದು ಅವನೇ ಬರೆಸಿಕೊಂಡಿದ್ದಾನೆ. ಪಶ್ಚಾತ್ತಾಪ ಪಟ್ಟ ಅದೇ ಶಾಸನದಲ್ಲಿ ಕಾಡಿನ ಜನರಿಗೆ ಎಚ್ಚರಿಕೆಯನ್ನೂ ಕೊಟ್ಟಿದ್ದಾನೆ. ಮಸ್ಕಿಯ ಬಂಡೆಯ ಮೇಲೆ ರಾಜನ ಹೆಸರಿದೆ, ಬಿಸಿಲಲ್ಲಿ ಕೂತು ಕೊರೆದವನ ಹೆಸರಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಶಾಸನದಲ್ಲಿ ಚಪಡ ಎಂಬ ಲಿಪಿಕಾರ ತನ್ನ ಹೆಸರು ಬರೆದುಕೊಂಡಿದ್ದಾನೆ. ಆ ಮಟ್ಟಿಗೆ ಅವನು ಪುಣ್ಯವಂತ. ಇದನ್ನೆಲ್ಲ ಮರೆಮಾಚಿ ಊರ ಬಗ್ಗೆ ಹೊಗಳಿಕೆ ಬರೆಯುವುದು ನಮ್ಮ ಕೆಲಸವಲ್ಲ. ಇಷ್ಟೆಲ್ಲ ಇದ್ದೂ, ಸಣ್ಣವರಿಗೂ ಸಿಗುತ್ತದೆ ಎಂದು ಒಬ್ಬ ರಾಜನ ಬಾಯಲ್ಲಿ ಬಂದ ಮಾತು ನಮ್ಮ ನಾಡಿನ ಕಲ್ಲಿನ ಮೇಲೆ ಇದೆ. ಅದು ನಮ್ಮ ಆಸ್ತಿ. ಆಸ್ತಿಯ ಹಕ್ಕುಪತ್ರವನ್ನು ನಾವೇ ಓದದಿದ್ದರೆ ಯಾರು ಓದಿ ಹೇಳುತ್ತಾರೆ?

ಈಗ ಪ್ರವಾಸದ ವಿಷಯಕ್ಕೆ ಬರೋಣ. ಇದರ ಬಗ್ಗೆಯೂ ಅಶೋಕ ಒಂದು ಮಾತು ಹೇಳಿದ್ದಾನೆ. ಮಸ್ಕಿಯಲ್ಲಲ್ಲ, ಅವನ ಎಂಟನೆಯ ಬಂಡೆಶಾಸನದಲ್ಲಿ. ಹಿಂದಿನ ರಾಜರು ವಿಹಾರಯಾತ್ರೆ ಹೋಗುತ್ತಿದ್ದರು. ಬೇಟೆ, ಮೋಜು, ಅಷ್ಟೇ. ಪಟ್ಟಕ್ಕೆ ಬಂದು ಹತ್ತು ವರ್ಷವಾದ ಮೇಲೆ ಅಶೋಕ ಬುದ್ಧನಿಗೆ ಅರಿವಾದ ಜಾಗಕ್ಕೆ ಹೋದ. ಅಲ್ಲಿಂದ ಅವನದು ಧಮ್ಮಯಾತ್ರೆ. ಆ ಯಾತ್ರೆಯಲ್ಲಿ ಏನು ಮಾಡಬೇಕು? ಶ್ರಮಣರನ್ನೂ ಬ್ರಾಹ್ಮಣರನ್ನೂ ಕಂಡು ದಾನ ಕೊಡಬೇಕು, ಮುದುಕರನ್ನು ಕಂಡು ನೆರವಾಗಬೇಕು, ಹಳ್ಳಿಗಾಡಿನ ಜನರನ್ನು ಕಂಡು ಮಾತಾಡಬೇಕು. ಅಂದರೆ ಕಲ್ಲು ನೋಡುವುದಷ್ಟೇ ಪ್ರವಾಸವಲ್ಲ. ಜನರನ್ನು ನೋಡಬೇಕು, ಅವರ ಮಾತು ಕೇಳಬೇಕು. ಇನ್ನೊಂದು ಕಂಬಶಾಸನದಲ್ಲಿ ದಾರಿಯ ಬದಿಗೆ ಆಲದ ಮರ ನೆಡಿಸಿದೆ, ಮಾವಿನ ತೋಪು ಮಾಡಿಸಿದೆ, ಬಾವಿ ತೋಡಿಸಿದೆ, ಮನುಷ್ಯರಿಗೂ ದನಕರುಗಳಿಗೂ ನೀರಿನ ಅರವಟಿಗೆ ಇಡಿಸಿದೆ ಎನ್ನುತ್ತಾನೆ. ಪ್ರವಾಸಿಗೆ ಮೊದಲು ಬೇಕಾದದ್ದು ನೀರು ಮತ್ತು ನೆರಳು ಎಂದು ಅವನಿಗೆ ಗೊತ್ತಿತ್ತು.

ಆ ನೀರನ್ನು ಯಾರು ಮುಟ್ಟಬಹುದು? ಇದು ನಮ್ಮ ಪ್ರಶ್ನೆ. 1934ರಲ್ಲಿ ಬಾಬಾಸಾಹೇಬ್ ಅಂಬೇಡ್ಕರರು ಚಳವಳಿಯ ಮೂವತ್ತರಷ್ಟು ಸಂಗಾತಿಗಳ ಜತೆ ಪ್ರವಾಸ ಹೊರಟಿದ್ದರು. ವೇರುಳದ ಗುಹೆ ನೋಡುವ ಆಸೆ. ದಾರಿಯಲ್ಲಿ ದೌಲತಾಬಾದ್ ಕೋಟೆ ಸಿಕ್ಕಿತು. ರಂಜಾನ್ ತಿಂಗಳು. ಕೋಟೆಯ ಬಾಗಿಲ ಬಳಿ ನೀರು ತುಂಬಿದ ಸಣ್ಣ ಕೆರೆ. ಧೂಳಾಗಿದ್ದ ಮುಖ ಕೈಕಾಲು ತೊಳೆದುಕೊಂಡರು. ಒಬ್ಬ ಬಿಳಿಗಡ್ಡದ ಮುದುಕ, ಇವರು ನೀರು ಮೈಲಿಗೆ ಮಾಡಿದರು ಎಂದು ಕೂಗುತ್ತಾ ಬಂದ. ಜನ ಸೇರಿದರು, ಬೈದರು. ಕೊನೆಗೆ ಕೋಟೆಯಲ್ಲಿ ಎಲ್ಲಿಯೂ ನೀರು ಮುಟ್ಟಬಾರದು ಎಂಬ ಷರತ್ತಿನ ಮೇಲೆ ಒಳಗೆ ಬಿಟ್ಟರು. ಕಾವಲಿಗೆ ಆಯುಧ ಹಿಡಿದ ಸಿಪಾಯಿಯನ್ನೂ ಜತೆಗೆ ಕಳಿಸಿದರು. ಇದನ್ನು ಬಾಬಾಸಾಹೇಬರೇ 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ಬರೆದಿಟ್ಟಿದ್ದಾರೆ. ದೊಡ್ಡ ದೊಡ್ಡ ಪದವಿ ಪಡೆದು ವಿದೇಶದಿಂದ ಬಂದವರು, ಬ್ಯಾರಿಸ್ಟರು. ಕೋಟೆ ನೋಡಲು ಬಂದಾಗ ಅವರು ಪ್ರವಾಸಿ ಆಗಲಿಲ್ಲ, ಕಾವಲಿನಲ್ಲಿರುವ ಕೈದಿ ಆದರು. ದೌಲತಾಬಾದೂ ಮಸ್ಕಿಯೂ ಆಗ ಒಂದೇ ನಿಜಾಮನ ರಾಜ್ಯದಲ್ಲಿದ್ದವು ಎಂಬುದನ್ನು ನೆನಪಿಡಿ.

ಆಮೇಲೆ ಸಂವಿಧಾನ ಬಂತು. ಅದರ 15ನೇ ವಿಧಿಯ ಎರಡನೇ ಭಾಗವನ್ನು ಎಲ್ಲರೂ ಒಮ್ಮೆ ಓದಿ. ಅಂಗಡಿ, ಹೋಟೆಲು, ಮನರಂಜನೆಯ ಜಾಗ, ಸರ್ಕಾರದ ಹಣದಲ್ಲಿ ನಡೆಯುವ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಇವುಗಳಲ್ಲಿ ಜಾತಿಯ ಹೆಸರಲ್ಲಿ ಯಾರನ್ನೂ ತಡೆಯಬಾರದು ಎನ್ನುತ್ತದೆ. 'ಅಲ್ಲಾ, ಇದು ಪ್ರವಾಸಿಗೆ ಬೇಕಾದ ಎಲ್ಲದರ ಪಟ್ಟಿ!' ಅಂತ ನಮ್ಮ ಗೆಳೆಯನೊಬ್ಬ ಅಂದ. ಸರಿಯಾಗೇ ಅಂದ. ಈ ದೇಶದಲ್ಲಿ ಎಲ್ಲರಿಗೂ ಊರು ನೋಡುವ ಹಕ್ಕು ಬರೆದುಕೊಟ್ಟ ಮೊದಲ ಪುಸ್ತಕ ಅದು.

ಆದರೂ ನಾವು ಇವತ್ತಿಗೂ ಸಣ್ಣ ಊರಿಗೆ ಹೋದರೆ ಏನು ಕೇಳುತ್ತಾರೆ? 'ಎಲ್ಲಿಂದ ಬಂದ್ರಿ?' ಅದು ಪ್ರವಾಸಿಗೆ ಕೇಳುವ ಪ್ರಶ್ನೆ. ಅದಕ್ಕೆ ಉತ್ತರ ಕೊಟ್ಟ ಮೇಲೆ, 'ಅಂದ್ರ ಯಾವ ಪೈಕಿ?' ಅದು ನಮಗೆ ಮಾತ್ರ ಕೇಳುವ ಪ್ರಶ್ನೆ. ಒಂದು ಹಳ್ಳಿಯ ಹೋಟೆಲಿನಲ್ಲಿ ಆ ಎರಡನೇ ಪ್ರಶ್ನೆಗೆ ಉತ್ತರ ಹೇಳಿದ ಮೇಲೆ ನಮಗೆ ಚಹಾ ಬಂದದ್ದು ಪ್ಲಾಸ್ಟಿಕ್ ಲೋಟದಲ್ಲಿ. ಪಕ್ಕದವರಿಗೆ ಗಾಜಿನ ಲೋಟ. ಕೇಳಿದರೆ, 'ಗ್ಲಾಸು ಖಾಲಿ ಆಗ್ಯಾವ್ರಿ' ಅಂದರು. ಗ್ಲಾಸು ನಮ್ಮ ಕಣ್ಣ ಮುಂದೆ ಸಾಲಾಗಿ ಬೋರಲು ಹಾಕಿದ್ದವು. ಪ್ರವಾಸಿಗರನ್ನು ಕರೆಯುವ ಊರು ಮೊದಲು ತೊಳೆಯಬೇಕಾದದ್ದು ಆ ಲೋಟವನ್ನು.

ಪ್ರವಾಸೋದ್ಯಮ ಇಲಾಖೆಯವರು ಕರ್ನಾಟಕವನ್ನು 'ಒಂದು ರಾಜ್ಯ, ಹಲವು ಜಗತ್ತು' ಎಂದು ಕರೆದಿದ್ದಾರೆ. ನಾವು ಅದನ್ನು ಒಪ್ಪುತ್ತೇವೆ. ಒಂದು ರಾಜ್ಯವೇಕೆ, ಒಂದೊಂದು ಊರಲ್ಲೇ ಹಲವು ಜಗತ್ತು ಇವೆ. ಊರು ಒಂದು ಜಗತ್ತು, ಕೇರಿ ಇನ್ನೊಂದು ಜಗತ್ತು. ನಡುವೆ ಒಂದು ಹಳ್ಳ, ಇಲ್ಲವೇ ಒಂದು ರಸ್ತೆ. ಈಗ ಒಂದು ತಗಡಿನ ಬೇಲಿಯನ್ನೂ ಸೇರಿಸಲು ನೋಡುತ್ತಿದ್ದಾರೆ.

ಊರು ಹೆಸರುವಾಸಿಯಾದರೆ ಎಲ್ಲರಿಗೂ ಒಳ್ಳೆಯದಾಗುತ್ತದೆ ಎಂದು ಹೇಳುವವರಿಗೆ ಹಂಪಿಯನ್ನು ತೋರಿಸಿ. 1986ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ದೇಶ ವಿದೇಶದಿಂದ ಜನ ಬಂದರು. ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನಲ್ಲಿ ಚಹಾ, ತಿಂಡಿ, ಬಾಡಿಗೆ ಕೋಣೆ ನಂಬಿ ಬದುಕಿದ ಕುಟುಂಬಗಳಿದ್ದವು. 2011ರ ಜುಲೈನಲ್ಲಿ ಯಂತ್ರ ಬಂದು ಮನೆ ಅಂಗಡಿ ಕೆಡವಿತು. ಸ್ಮಾರಕಕ್ಕೆ ಧಕ್ಕೆ ಆಗುತ್ತದೆ ಎಂದರು. ಸ್ಮಾರಕ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಲ್ಲು ಉಳಿಸುವಾಗ ಮನುಷ್ಯ ಎಲ್ಲಿಗೆ ಹೋಗಬೇಕು ಎಂಬುದನ್ನು ಮೊದಲು ಕೂತು ಮಾತಾಡಬೇಕು. ಊರಿಗೆ ಪ್ರವಾಸಿ ಬರುವ ಮೊದಲೇ ಸಣ್ಣವರ ಹೆಸರು ಕಾಗದದಲ್ಲಿ ಬರದಿದ್ದರೆ, ಬಂದ ಮೇಲೆ ಅವರ ಹೆಸರು ಒತ್ತುವರಿದಾರರ ಪಟ್ಟಿಯಲ್ಲಿ ಬರುತ್ತದೆ.

ನಮ್ಮ ಕೆಲವು ಗೆಳೆಯರು ಬೇರೆ ಬಗೆಯಲ್ಲಿ ಕೇಳುತ್ತಾರೆ. 'ಹಾಸ್ಟೆಲಿನ ಸಾರಿಗೆ ಬೇಳೆ ಇಲ್ಲ, ಸ್ಕಾಲರ್‌ಶಿಪ್ ಬರೋದು ತಡ. ಇಂಥ ಹೊತ್ತಿನಾಗ ಟೂರಿಸ್ಟು, ಕಲ್ಲು ಅಂತ ಯಾಕ್ರಪ?' ನ್ಯಾಯವಾದ ಮಾತು. ಅದಕ್ಕೆ ಹೋರಾಟ ಮಾಡೋಣ, ಬಿಡುವುದು ಬೇಡ. ಆದರೆ ರಾಯಚೂರು ಸೀಮೆಯ ನಮ್ಮ ಜನ ಪ್ರವಾಸವನ್ನೇ ಮಾಡದವರಲ್ಲ. ಮಳೆ ಕೈಕೊಟ್ಟ ವರ್ಷ ಗಂಟು ಕಟ್ಟಿ, ಕೂಸು ಎತ್ತಿಕೊಂಡು, ಬೆಂಗಳೂರಿಗೆ, ಗೋವಾಕ್ಕೆ, ಮುಂಬೈಗೆ ಹೋಗುತ್ತಾರೆ. ಅದಕ್ಕೆ ಗುಳೆ ಅನ್ನುತ್ತೇವೆ. ಅಲ್ಲಿ ಅವರು ಕಟ್ಟುವುದು ಬೇರೆಯವರು ಬಂದು ಇಳಿದುಕೊಳ್ಳುವ ಹೋಟೆಲುಗಳನ್ನು. ಸಿಂಧನೂರಿನ ಕಡೆ ತುಂಗಭದ್ರೆಯ ಕಾಲುವೆ, ಭತ್ತದ ಹಸಿರು. ಇತ್ತ ಒಣ ಬೇಸಾಯ. ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ 5ಎ ಕಾಲುವೆ ಬೇಕೆಂದು 2020ರಿಂದ 2021ರವರೆಗೆ ರೈತರು ಧರಣಿ ಕೂತದ್ದು ಈ ಕಾರಣಕ್ಕೆ. ಇಂಥ ಕಡೆ ನಾಲ್ಕು ಜನ ನೆಂಟರು ಬಂದು, ನಾಲ್ಕು ರೂಪಾಯಿ ಕೇರಿಯಲ್ಲಿ ಬಿಟ್ಟು ಹೋದರೆ, ಒಬ್ಬಳು ತಾಯಿ ಆ ವರ್ಷ ಗಂಟು ಕಟ್ಟದೆ ಇರಬಹುದು. ಅದು ಸಣ್ಣ ವಿಷಯವಲ್ಲ. ಗುಳೆ ಅಷ್ಟರಿಂದಲೇ ನಿಲ್ಲುತ್ತದೆ ಎಂಬ ಭ್ರಮೆ ನಮಗಿಲ್ಲ. ನೀರು, ಭೂಮಿ, ಕೂಲಿಯ ಪ್ರಶ್ನೆ ಹಾಗೆಯೇ ಇರುತ್ತದೆ. ಬರುವ ನೆಂಟರಿಗೆ ಆ ಪ್ರಶ್ನೆಯನ್ನೂ ತೋರಿಸೋಣ.

ಹಾಗಾದರೆ ಏನು ಮಾಡೋಣ? ನಮಗೆ ತೋಚಿದ್ದನ್ನು ಹೇಳುತ್ತೇವೆ. ನೀವು ತಿದ್ದಿ.

ಮೊದಲನೆಯದು, ಓದಲು ಕಲಿಯೋಣ. ಬ್ರಾಹ್ಮಿ ಕಷ್ಟದ ಲಿಪಿಯಲ್ಲ. ನಮ್ಮ ಕನ್ನಡ ಅಕ್ಷರದ ತಾಯಿಬೇರು ಅದು. ಬ್ರಾಹ್ಮಿಯ 'ಕ' ಅಂದರೆ ಲೆಕ್ಕದಲ್ಲಿ ಕೂಡುವ ಗುರುತು. 'ಠ' ಅಂದರೆ ಒಂದು ಬಳೆ. ಇವತ್ತಿಗೂ ನಮ್ಮ 'ಠ' ಬಳೆಯಂತೆಯೇ ಇದೆ ನೋಡಿ. ಒಂದು ಭಾನುವಾರ ಕೂತರೆ ಅರ್ಧ ಬರುತ್ತದೆ, ಎರಡು ಭಾನುವಾರ ಕೂತರೆ 'ಅಸೋಕಸ' ಎಂದು ಬಂಡೆಯ ಮೇಲೆ ಬೆರಳು ಮುಟ್ಟಿಸದೆ ಓದಬಹುದು. ಹಾಸ್ಟೆಲಿನ ಹತ್ತು ಹುಡುಗ ಹುಡುಗಿಯರು ಕಲಿತರೆ ಮಸ್ಕಿಗೆ ಹತ್ತು ಮಂದಿ ದಾರಿ ತೋರುವವರು ಸಿಕ್ಕಿದಂತೆ. ಹುಡುಗಿಯರು ಮುಂದೆ ಬರಬೇಕು. ಊರು ತೋರಿಸುವುದು ಗಂಡಸರ ಗುತ್ತಿಗೆಯಲ್ಲ.

ಎರಡನೆಯದು, ಸುಳ್ಳು ಹೇಳಬಾರದು. ಪ್ರವಾಸಿ ಕಂಡರೆ ಕತೆ ಕಟ್ಟುವ ಚಟ ಎಲ್ಲ ಕಡೆ ಇದೆ. ಅಶೋಕ ಈ ಬಂಡೆಯ ಮೇಲೆ ಮಲಗಿದ್ದ, ಇಲ್ಲಿ ಕುದುರೆ ಕಟ್ಟಿದ್ದ ಎಂದೆಲ್ಲ ಹೇಳಬೇಡಿ. ಶಾಸನ ಹಾಗೆ ಹೇಳುವುದಿಲ್ಲ. ನಿಜವೇ ಸಾಕಷ್ಟು ದೊಡ್ಡದಿದೆ. 1954ರಲ್ಲಿ ಬಿ.ಕೆ. ಥಾಪರ್ ಇಲ್ಲಿ ಅಗೆದಾಗ ಕಲ್ಲಿನ ಆಯುಧದ ಕಾಲ, ಕಬ್ಬಿಣ ಬಳಸಿ ದೊಡ್ಡ ಕಲ್ಲಿನ ಗೋರಿ ಕಟ್ಟಿದ ಕಾಲ, ಆಮೇಲಿನ ಕಾಲ ಹೀಗೆ ಪದರ ಪದರವಾಗಿ ಜನವಸತಿ ಸಿಕ್ಕಿತು. ಅಶೋಕ ಬರೆಸುವುದಕ್ಕೆ ಮೊದಲೇ ಇಲ್ಲಿ ಜನ ಇದ್ದರು. ಮಡಕೆ ಮಾಡಿದರು, ಕಬ್ಬಿಣ ಕಾಯಿಸಿದರು, ದನ ಮೇಯಿಸಿದರು. ಹನ್ನೊಂದನೆಯ ಶತಮಾನದಲ್ಲಿ ಚೋಳರಿಗೂ ಚಾಲುಕ್ಯರಿಗೂ ಯುದ್ಧ ನಡೆದ ಮುಶಂಗಿ ಈ ಊರೇ ಎನ್ನುತ್ತಾರೆ. ರಾಜರ ಯುದ್ಧಕ್ಕೆ ಒಂದು ನಿಮಿಷ ಕೊಡಿ, ಮಡಕೆ ಮಾಡಿದವರಿಗೆ ಹತ್ತು ನಿಮಿಷ ಕೊಡಿ.

ಮೂರನೆಯದು, ದಾರಿ ಕೇರಿಯಿಂದ ಶುರುವಾಗಬೇಕು. ನೆಂಟರು ಬಸ್ಸಿಳಿದ ಮೇಲೆ ಮೊದಲ ಚಹಾ ಕೇರಿಯಲ್ಲಿ. ಆಮೇಲೆ ಗುಡ್ಡ, ಆಮೇಲೆ ಬಂಡೆ, ಮತ್ತೆ ಊಟಕ್ಕೆ ಕೇರಿ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ತಿನ್ನುವವರಿಗೆ ನಮ್ಮ ಬಾಡೂ ಇರಲಿ, ಮುಚ್ಚಿಟ್ಟು ಬಡಿಸುವುದು ಬೇಡ. ಉಣ್ಣಲು ಒಲ್ಲೆ ಅನ್ನುವವರಿಗೆ ಒತ್ತಾಯವಿಲ್ಲ. ಆದರೆ ಯಾಕೆ ಒಲ್ಲೆ ಎಂದು ನಗುತ್ತಾ ಕೇಳುವ ಹಕ್ಕು ನಮಗಿರಲಿ. ಊಟ ಮಾಡಿದ ಹೆಣ್ಣುಮಕ್ಕಳ ಕೈಗೇ ದುಡ್ಡು ಹೋಗಬೇಕು. ನಡುವೆ ಗುತ್ತಿಗೆದಾರ ಬೇಡ. ಬಂದದ್ದು ಎಷ್ಟು, ಹೋದದ್ದು ಎಷ್ಟು ಎಂದು ಕೇರಿಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆಯಿರಿ. ಅಶೋಕ ಬಂಡೆಯ ಮೇಲೆ ಬರೆಸಿದ, ನಾವು ಗೋಡೆಯ ಮೇಲೆ ಬರೆಯೋಣ.

ನಾಲ್ಕನೆಯದು, ಬಂಡೆಯನ್ನು ಕಾಯೋಣ. ಅದು ಕೇಂದ್ರ ಸರ್ಕಾರದ ರಕ್ಷಿತ ಸ್ಮಾರಕ. ಬಂಡೆ ಕಂಡಲ್ಲಿ ಹೆಸರು ಕೆತ್ತುವವರು, ಪ್ರೇಯಸಿಯ ಹೆಸರಿಗೆ ಬಾಣ ಚುಚ್ಚುವವರು ಎಲ್ಲ ಊರಲ್ಲೂ ಇದ್ದಾರೆ. ಕುಂಕುಮ ಹಚ್ಚಿ ತೆಂಗಿನಕಾಯಿ ಒ‌ಡೆದರೆ ನಾಳೆ ಅಲ್ಲೊಬ್ಬ ಪೂಜಾರಿ ಹುಟ್ಟುತ್ತಾನೆ. ನಾಡಿದ್ದು ನಮ್ಮನ್ನೇ ಹೊರಗೆ ನಿಲ್ಲಿಸುತ್ತಾನೆ. ಓದುವ ಕಲ್ಲು ಓದುವ ಕಲ್ಲಾಗಿಯೇ ಇರಲಿ.

ಐದನೆಯದು, ಸಭೆಗಳಿಗೆ ಹೋಗೋಣ. ಪುರಸಭೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ, ಜಿಲ್ಲೆಯಲ್ಲಿ ಎಲ್ಲಿ ಪ್ರವಾಸೋದ್ಯಮದ ಮಾತು ನಡೆದರೂ ಹಾಡು ಮುಗಿದ ಮೇಲೆ ಎದ್ದು ಬರಬಾರದು. 'ಹಿಂದೆ ಊಟ ಇದೆ' ಅಂದರೆ, 'ಚರ್ಚೆ ಆದ ಮೇಲೆ ಉಣ್ತೀವ್ರಿ, ನಮ್ಮದೂ ನಾಲ್ಕು ಮಾತು ಐತಿ' ಎನ್ನಬೇಕು. ಅವತ್ತು ನಾವು ಹಾಗೆ ಅನ್ನಲಿಲ್ಲ. ಹಸಿದಿದ್ದೆವು, ಎದ್ದು ಹೋದೆವು. ಆ ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತಿದ್ದೇವೆ.

ಇಷ್ಟು ಮಾಡಲು ಲಕ್ಷಗಟ್ಟಲೆ ಅನುದಾನ ಬೇಕಾಗಿಲ್ಲ. ಎರಡು ಭಾನುವಾರ, ಒಂದು ದೊಡ್ಡ ಕೆಟಲು, ಹತ್ತು ಗಾಜಿನ ಲೋಟ, ಸ್ವಲ್ಪ ಸುಣ್ಣ ಬೇಕು. ಲೋಟ ಎಲ್ಲರಿಗೂ ಒಂದೇ ಬಗೆಯದು. ಇಂಥ ಊರಿಗೆ ಬಂದವನು ಮೋಜು ಮಾಡಿ ಹೋಗಲಿ, ಬೇಡ ಅನ್ನುವುದಿಲ್ಲ. ಆದರೆ ಹೋಗುವಾಗ ಅವನ ಕಾಲಿಗೆ ಕೇರಿಯ ಧೂಳು, ಅವನ ಕಿವಿಗೆ ಒಬ್ಬ ಮುದುಕಿಯ ಮಾತು ಅಂಟಿರಬೇಕು. ಅದನ್ನೇ ನಾವು ಧಮ್ಮಯಾತ್ರೆ ಎನ್ನುತ್ತೇವೆ. 1956ರ ಅಕ್ಟೋಬರ್ 14ರಂದು, ಅಶೋಕ ವಿಜಯದಶಮಿಯ ದಿನ, ನಾಗಪುರಕ್ಕೆ ನಡೆದು ಹೋದ ನಮ್ಮ ಲಕ್ಷಾಂತರ ಜನರದೂ ಅದೇ ಯಾತ್ರೆ. ಅವರು ಯಾರೂ ತಮ್ಮನ್ನು ಪ್ರವಾಸಿಗರು ಅಂದುಕೊಂಡಿರಲಿಲ್ಲ.

ಮೊನ್ನೆ ಆ ಮಸ್ಕಿ ಕಡೆಯ ಗೆಳೆಯ ಸಿಕ್ಕಿದ್ದ. ಈಗ ಒಂದು ಶಾಲೆಯಲ್ಲಿ ಮಾಸ್ತರ. ಮುದುಕಿ ಕೇಳಿದ ಪ್ರಶ್ನೆಯನ್ನು ಅವನಿಗೆ ಹೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, 'ಬರೂ ರಜಾದಾಗ ನಮ್ಮ ಸಾಲಿ ಹುಡುಗರನ್ನ ಕರಕೊಂಡು ಹೊಕ್ಕೀನಿ. ನೀವೂ ಬರ್ರಿ. ಮೊದಲು ನಮ್ಮವ್ವಗ ಓದಿ ಹೇಳೂಣು' ಅಂದ.

ಹೋಗೋಣ ಗೆಳೆಯರೆ. ಮೊದಲು ನಮ್ಮ ಅವ್ವಂದಿರಿಗೆ ಓದಿ ಹೇಳೋಣ, ಆಮೇಲೆ ಹೊರಗಿನವರನ್ನು ಕರೆಯೋಣ. ಒಳ್ಳೆಯದು ಒಂದೂವರೆ ಪಟ್ಟಾಗುತ್ತದೆ ಎಂದು ಬಂಡೆ ಹೇಳಿದೆ. ಒಂದನ್ನು ನಾವು ಮಾಡೋಣ, ಅರ್ಧವನ್ನು ಬಂದವರು ಮಾಡಲಿ.

ಇಷ್ಟು ಹೇಳಿ ಮಾತು ಮುಗಿಸುತ್ತೇವೆ. ಜೈ ಭೀಮ್.